ಎಂಟು ಮಾರು ವೈರು

ನನ್ನನ್ನು ಎತ್ತಿಕೊಂಡು ಹೋಗಬೇಡಿ ಅಂದರೆ ಜನಕ್ಕೆ ಯಾಕೆ ಅಷ್ಟು ಕೋಪ ಬರುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಎತ್ತಿಕೊಳ್ಳಿ ಅಂತ ಕೇಳಿದರೆ ಒಬ್ಬರೂ ಸಿಗುವುದಿಲ್ಲ. ಬೇಡ ಅಂದ ತಕ್ಷಣ ನಾಲ್ಕು ಕಡೆಯಿಂದ ಕೈ ಚಾಚಿಕೊಂಡು ಬರುತ್ತಾರೆ, "ನಾವೇನು ಹೊರಗಿನವರಾ?" ಅಂತ. ಹೌದು ಸ್ವಾಮಿ, ಹೊರಗಿನವರೇ. ನನ್ನ ಮೈ ನನ್ನದು, ನಿಮ್ಮ ಕೈ ನಿಮ್ಮದು.

ಚಿಕ್ಕವಳಿದ್ದಾಗ ಬಂದ ಒಂದು ಜ್ವರ ನನ್ನ ಎರಡೂ ಕಾಲಿನ ಶಕ್ತಿ ತೆಗೆದುಕೊಂಡು ಹೋಯಿತು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಎರಡು ಕೋಲು ಹಿಡಿದು ಸಮನೆಲದ ಮೇಲೆ ನಡೆಯುತ್ತೇನೆ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಮೂರು ಚಕ್ರದ ಸ್ಕೂಟರಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಿ ಬರುತ್ತೇನೆ. ಒಂದೆರಡು ಮೆಟ್ಟಿಲಾದರೆ ಕಂಬಿ ಹಿಡಿದು ಹೇಗೋ ಹತ್ತಿಬಿಡುತ್ತೇನೆ. ಹಿಡಿಯಲು ಕಂಬಿಯೇ ಇಲ್ಲದ, ನಡುವೆ ತಿರುಗುವ ಇಪ್ಪತ್ತೆರಡು ಮೆಟ್ಟಿಲಾದರೆ ಆಗುವುದಿಲ್ಲ. ಆಗುವುದಿಲ್ಲ ಅಂದರೆ ಆಗುವುದಿಲ್ಲ. ಅದರಲ್ಲಿ ನಾಚಿಕೆ ಏನು ಬಂತು?

ಅಂಥ ಇಪ್ಪತ್ತೆರಡು ಮೆಟ್ಟಿಲಿನ ಮೇಲೆಯೇ, ಚಿನ್ನದ ಗಣಿಯ ಊರಾದ ಉರಿಗಾಂನ ಒಂದು ಹಳೇ ಕಲ್ಲಿನ ಕಟ್ಟಡದಲ್ಲಿ, ನನ್ನ ಕಂಪ್ಯೂಟರ್ ಬೆರಳಚ್ಚು ಪರೀಕ್ಷೆಯ ಕೇಂದ್ರ ಬಿತ್ತು. ಎರಡು ವರ್ಷ ಮನೆಯಲ್ಲೇ ಒಂದು ಹಳೇ ಕಂಪ್ಯೂಟರ್ ಕುಟ್ಟಿ ಕುಟ್ಟಿ ಕಲಿತಿದ್ದೆ. ನಮ್ಮೂರಿನ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಬೇಕಾಗಿತ್ತು, ಆ ಸರ್ಟಿಫಿಕೇಟು ತಂದರೆ ಕೆಲಸ ನಿನಗೇ ಅಂದಿದ್ದರು. ಕೇಂದ್ರ ಬದಲಾಯಿಸಿ ಅಂತ ಪರೀಕ್ಷೆ ನಡೆಸುವ ಬೋರ್ಡಿಗೆ ಬರೆದೆ. ಉತ್ತರವೇ ಬರಲಿಲ್ಲ. ಸರಿ, ಪರೀಕ್ಷೆಗೆ ಇನ್ನೂ ಒಂದು ತಿಂಗಳಿದೆ ಅನ್ನುವಾಗ ನಾನೇ ಹೋಗಿ ನೋಡಿ ಬರೋಣ ಅಂತ ಸ್ಕೂಟರ್ ಹತ್ತಿದೆ.

ಕೇಂದ್ರದ ಯಜಮಾನರು ಕೆಳಗೆ ಬಂದರು. ಐವತ್ತು ದಾಟಿದ ಮನುಷ್ಯ, ಬಾಯಿ ತುಂಬ ನಗು. ನನ್ನ ಕಾಲು ನೋಡಿದರು, ಮೆಟ್ಟಿಲು ನೋಡಿದರು, "ಅಯ್ಯೋ, ಇದೊಂದು ದೊಡ್ಡ ವಿಷ್ಯಾನೇನಮ್ಮಾ? ನಮ್ಮ ಹುಡುಗರು ನಾಲ್ಕು ಜನ ಇದಾರೆ, ಹೂ ಎತ್ತಿದ ಹಾಗೆ ಎತ್ತಿ ಮೇಲೆ ಕೂರಿಸ್ತಾರೆ. ನನ್ನ ಮಗಳ ಹಾಗೆ ನೀನು" ಅಂದರು.

"ಬೇಡ ಸಾರ್. ಒಂದು ಕಂಪ್ಯೂಟರನ್ನ ಕೆಳಗಿನ ಕೋಣೆಯಲ್ಲಿ ಇಡಿ, ಸಾಕು" ಅಂದೆ. ಕೆಳಗೆ ಸೈಕಲ್ ನಿಲ್ಲಿಸುವ ಕೋಣೆಯೊಂದಿತ್ತು, ನೆಲ ಸಮವಾಗಿತ್ತು, ಗಾಳಿ ಬೆಳಕೂ ಇತ್ತು.

"ಅದಾಗಲ್ಲಮ್ಮ. ಬೋರ್ಡಿನ ನಿಯಮ ನೋಡ್ಕೊಂಡು ಎಲ್ಲಾ ಮೇಲೇ ಜೋಡಿಸಿದೀವಿ, ಮುಖ್ಯ ಕಂಪ್ಯೂಟರೂ ಅಲ್ಲೇ ಇದೆ. ಪೆಟ್ಟಿಗೆ ಕದಲಿಸೋ ಹಾಗಿಲ್ಲ." ಆಮೇಲೆ ಅವರಿಗೆ ಏನೋ ತಮಾಷೆ ಹೊಳೆಯಿತು. "ಬೇಕಾದ್ರೆ ಪೆಟ್ಟಿಗೆ ಮೇಲೇ ಇರ್ಲಿ, ಸ್ಕ್ರೀನು, ಕೀಬೋರ್ಡು ವೈರ್ ಎಳೆದು ಕೆಳಗೆ ಇಟ್ಕೋ. ಆದ್ರೆ ಒಂದು ಹೇಳ್ತೀನಿ, ಯುಎಸ್‌ಬಿ ವೈರು ಐದು ಮೀಟರಿಗೇ ಮುಗೀತು, ಕೀಬೋರ್ಡಿಗಾದ್ರೆ ಮೂರೇ. ಅದಕ್ಕಿಂತ ಉದ್ದ ಎಳೆದ್ರೆ ನಡೆಯಲ್ಲ. ಆ ಕಾನೂನು ನಾನು ಮಾಡಿದ್ದಲ್ಲಪ್ಪ, ಕಂಪ್ಯೂಟರ್ ಮಾಡಿದೋರು ಮಾಡಿದ್ದು!"

ಅವರು ನಕ್ಕರು. ಅಲ್ಲಿ ನಿಂತಿದ್ದ ಹುಡುಗರೂ ನಕ್ಕರು. "ಎಳೆದು ತೋರಿಸಿದ್ರೆ?" ಅಂದೆ. "ತೋರಿಸು, ಕೂರಿಸ್ತೀನಿ" ಅಂದರು.

ಎತ್ತಿಸಿಕೊಂಡರೆ ಏನಾಗುತ್ತಿತ್ತು ಅಂತ ನನ್ನ ಅಮ್ಮನೂ ಕೇಳಿದಳು. ಏನಾಗುತ್ತದೆ ಅಂತ ನನಗೆ ಗೊತ್ತು. ಒಂದು ಸಲ ಒಂದು ಕಚೇರಿಯಲ್ಲಿ, ಯಾವುದು ಅನ್ನುವುದು ಬೇಡ, ಯಾರೋ ಇಬ್ಬರು ನನ್ನನ್ನು ಮೇಲಿನ ಮಹಡಿಗೆ ಎತ್ತಿಕೊಂಡು ಹೋದರು. ಒಬ್ಬನ ಕೈಗಡಿಯಾರಕ್ಕೆ ನನ್ನ ಜಡೆ ಸಿಕ್ಕಿಕೊಂಡಿತ್ತು, ಸೆರಗು ಎಲ್ಲೋ, ಬ್ಲೌಸು ಎಲ್ಲೋ. ಸಾಲಿನಲ್ಲಿದ್ದವರೆಲ್ಲ "ಅಯ್ಯೋ ಪಾಪ" ಅಂತ ದಾರಿ ಬಿಟ್ಟರು. ಒಂದು ಬೆಂಚಿನ ಮೇಲೆ ಮೂಟೆ ಇಳಿಸಿದ ಹಾಗೆ ಇಳಿಸಿ ಅವರಿಬ್ಬರೂ ಹೋದರು. ಕೋಲು ಕೆಳಗೇ ಉಳಿದಿತ್ತು. ನನ್ನ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ಇಳಿಸುವುದಕ್ಕೆ ಒಬ್ಬರೂ ಇಲ್ಲ. ಊಟದ ಹೊತ್ತಾಯಿತು, ಬಾಗಿಲು ಹಾಕಿಕೊಂಡರು. ಮೂತ್ರಕ್ಕೆ ಹೋಗಬೇಕಾಗಿತ್ತು, ಯಾರನ್ನು ಕೇಳಲಿ? ಎರಡು ಗಂಟೆ ಹಲ್ಲು ಕಚ್ಚಿಕೊಂಡು ಕೂತೆ. ಅವತ್ತೇ ತೀರ್ಮಾನ ಮಾಡಿದೆ, ನನ್ನ ಕಾಲಿಗೆ ಎಟುಕದ ಜಾಗಕ್ಕೆ ಇನ್ನೊಬ್ಬರ ತೋಳಿನ ಮೇಲೆ ಹೋಗುವುದಿಲ್ಲ. ಪರೀಕ್ಷೆ ಹೋದರೆ ಹೋಗಲಿ.

ಅಲ್ಲೇ ಪಕ್ಕದ ಚಾಂಪಿಯನ್ ರೀಫ್ಸಿನಲ್ಲಿ ನನ್ನ ಮಾವ ಇದ್ದಾನೆ, ಅಮ್ಮನ ಅಣ್ಣ. ಹದಿನೆಂಟಕ್ಕೇ ಗಣಿ ಸೇರಿ, ಮುಚ್ಚುವ ದಿನದವರೆಗೂ ನೆಲದೊಳಗೆ ವೈರ್ ಎಳೆಯುವ ಕೆಲಸ ಮಾಡಿದವನು. ಈಗಲೂ ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ್ದ ಅದೇ ಲೈನ್ ಮನೆಯಲ್ಲಿ ಇದ್ದಾನೆ. ಯಜಮಾನರು ಹೇಳಿದ್ದನ್ನು ಅವನಿಗೆ ಹೇಳಿದೆ.

"ಐದು ಮೀಟ್ರಾ?" ಅಂತ ಅವನು ಎದ್ದು ಕೂತ. "ಮೂರು ಸಾವ್ರ ಅಡಿ ಕೆಳಕ್ಕೆ ಫೋನ್ ವೈರು ಬಿಟ್ಟಿವ್ನಿ ನಾನು. ಅಲ್ಲಿಂದ ಅಲೋ ಅಂದ್ರೆ ಮ್ಯಾಲೆ ಕಿವಿ ತೂತು ಬೀಳ್ತಿತ್ತು. ಈವಯ್ಯ ಇಪ್ಪತ್ತೆರಡು ಮೆಟ್ಲಿಗೇ ಬೆವರ್ತಾವ್ನಲ್ಲ! ಸರಿ ಬಿಡು, ನಡಿ ಓಗಾನ."

ಮಾರನೇ ದಿನವೇ ಅಳತೆ ತೆಗೆದ. ಅವನಿಗೆ ಟೇಪು ಬೇಡ, ಎರಡೂ ತೋಳು ಚಾಚಿ ಮಾರು ಲೆಕ್ಕದಲ್ಲಿ ಹಗ್ಗ ಎಳೆಯುತ್ತಾನೆ, ಗಣಿಯಲ್ಲಿ ಹಾಗೇ ಅಂತೆ. ಮೇಲಿನ ಕಿಟಕಿಯಿಂದ ಕೆಳಗಿನ ಕೋಣೆಯ ಮೇಜಿಗೆ ಎಂಟು ಮಾರು ಬಂತು. ಹದಿನಾಲ್ಕು ಮೀಟರಿನ ಆಸುಪಾಸು.

ಸ್ಕ್ರೀನಿನದು ಕಷ್ಟವಾಗಲಿಲ್ಲ, ಹದಿನೈದು ಮೀಟರಿನ ವೈರು ಅಂಗಡಿಯಲ್ಲೇ ಸಿಕ್ಕಿತು, ಅಕ್ಷರ ಒಂದಿಷ್ಟು ಮಬ್ಬಾದರೂ ಓದಬಹುದಾಗಿತ್ತು. ಕೀಬೋರ್ಡಿನ ವೈರನ್ನು ಮಾವ ತನ್ನ ಕೈಯಲ್ಲೇ ತಯಾರು ಮಾಡಿದ. ನಾಲ್ಕು ಯುಎಸ್‌ಬಿ ವೈರುಗಳ ತುದಿ ಕತ್ತರಿಸಿ, ಎಳೆ ಎಳೆ ಬಿಡಿಸಿ, ಬೆಸುಗೆ ಹಾಕಿ, ಗಣಿಯಲ್ಲಿ ನೀರು ತೊಟ್ಟಿಕ್ಕುವ ಕಡೆ ಸುತ್ತುತ್ತಿದ್ದ ಹಾಗೆ ಮೂರು ಸುತ್ತು ಟೇಪು ಸುತ್ತಿದ. ಮೂರು ದಿನ ಅದೇ ಕೆಲಸ. ಅಂಥ ಜಾಯಿಂಟು ನೀವು ನೋಡಿರಲಿಕ್ಕಿಲ್ಲ. ಎಳೆದರೆ ವೈರು ಹರಿಯಬೇಕೇ ಹೊರತು ಜಾಯಿಂಟು ಬಿಚ್ಚುವುದಿಲ್ಲ.

ಉರಿಗಾಂಗೆ ಒಯ್ದು ಸಿಕ್ಕಿಸಿದೆವು. ಕೀಬೋರ್ಡಿನ ಮೂಲೆಯ ಪುಟ್ಟ ದೀಪ ಹತ್ತಿತು. ಮಾವ ತೊಡೆ ತಟ್ಟಿದ. "ಕರೆಂಟು ಬಂತು ಕಣಮ್ಮಣ್ಣಿ! ಒಡಿ, ನಿನ್ನ ಎಸ್ರು ಒಡಿ!"

ಹೊಡೆದೆ. ಒಂದು ಅಕ್ಷರವೂ ಮೂಡಲಿಲ್ಲ. ಸ್ಕ್ರೀನಿನ ಮೇಲೆ ಒಂದು ಚೀಟಿ ಎದ್ದಿತು, ಸಿಕ್ಕಿಸಿರುವ ಸಾಧನ ಏನಂತ ಗೊತ್ತಾಗುತ್ತಿಲ್ಲ ಅಂತ. ತೆಗೆದು ಸಿಕ್ಕಿಸಿದೆವು, ಮತ್ತೆ ಅದೇ. ಮಾವ ಇನ್ನೂ ದಪ್ಪನೆಯ ತಾಮ್ರ ಹಾಕಿ ನೋಡಿದ. ಗಣಿಯಲ್ಲಿ ದೂರದ ದೀಪ ಮಂಕಾದರೆ ವೈರು ದಪ್ಪ ಮಾಡಬೇಕು, ಅವನಿಗೆ ಗೊತ್ತಿದ್ದ ದಾರಿ ಅದೇ. ದೀಪ ಇನ್ನೂ ಚೆನ್ನಾಗಿ ಹತ್ತಿತು. ಅಕ್ಷರ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಯಜಮಾನರು ಮೆಟ್ಟಿಲ ಮೇಲಿನಿಂದ ಬಗ್ಗಿ ನೋಡಿ, "ಹೇಳಿದ್ನಲ್ಲಮ್ಮಾ" ಅಂದರು. ಅಷ್ಟೇ. ಆ ಮನುಷ್ಯ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ವಾಪಸು ಲೈನ್ ಮನೆಗೆ ಬಂದೆವು. ಮಾವ ಟೀ ಮಾಡಿ ಕೊಟ್ಟ, ತಾನು ಕುಡಿಯಲಿಲ್ಲ. ಮೆಲ್ಲಗೆ, "ನಾನೇ ಒತ್ಕೊಂಡು ಓಗ್ತೀನಿ ಬಿಡು. ನಾನು ಒರಗಿನೋನಲ್ವಲ್ಲ" ಅಂದ.

ಗಣಿ ಮುಚ್ಚಿದಾಗ ನನಗೆ ಎಂಟು ವರ್ಷ. ಕೆಲಸ ಕಳೆದುಕೊಂಡ ಮಾವ ನಮ್ಮ ಮನೆಗೆ ಬಂದು ನಿಂತ. ಬೆಳಿಗ್ಗೆ ಎದ್ದು ನನ್ನನ್ನು ಬೆನ್ನಿಗೆ ಹಾಕಿಕೊಂಡು ಮೂರು ಕಿಲೋಮೀಟರು ದೂರದ ಶಾಲೆಗೆ ನಡೆಯುತ್ತಿದ್ದ, ಸಂಜೆ ಮತ್ತೆ ಕರೆತರುತ್ತಿದ್ದ. ನನ್ನ ಹೈಸ್ಕೂಲು ಮುಗಿಯುವ ತನಕ ಹೀಗೇ, ಆಮೇಲೆ ಲೈನ್ ಮನೆಗೆ ವಾಪಸು ಹೋದ. ಅವನ ಬೆನ್ನು ಆಗ ಬಗ್ಗಿದ್ದು ನೆಟ್ಟಗಾಗಲೇ ಇಲ್ಲ. ಅಂಥವನಿಗೆ ಬೇಡ ಅನ್ನಬೇಕಲ್ಲ.

"ಬೇಡ ಮಾವ" ಅಂದೆ.

"ಯಾಕೆ? ನನ್ ಬೆನ್ನೂ ಬ್ಯಾಡ್ವಾ ನಿಂಗೆ?"

"ನಿನ್ನ ಬೆನ್ನೂ ಬೇಡ. ನಂಗೀಗ ಮೂವತ್ತು ದಾಟಿದೆ. ನಾನು ಪರೀಕ್ಷೆಗೆ ಹೋಗ್ತಿರೋದು, ಬಸ್ಸಿನ ಲಗೇಜಿನ ಹಾಗೆ ಹೋಗ್ತಿಲ್ಲ."

ಅವನ ಮುಖ ಸಣ್ಣದಾಯಿತು. "ಮೈನ್ಸ್ ಮುಚ್ಚಿದ ಮ್ಯಾಲೆ ನಂಗೆ ಇದ್ದಿದ್ದು ಅದೊಂದೇ ಕೆಲ್ಸ, ನಿನ್ನ ಒರೋದು" ಅಂದು ಎದ್ದು ಹೊರಗೆ ಹೋದ. ನಾನು ಅತ್ತೆ. ಕೋಪಕ್ಕೂ ಅತ್ತೆ, ಅವನ ಮೇಲಿನ ಪ್ರೀತಿಗೂ ಅತ್ತೆ. ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಎರಡು ದಿನ ಫೋನು ಹಿಡಿದುಕೊಂಡು ಕೂತು ಓದಿದೆ. ಯಾಕೆ ಐದು ಮೀಟರು? ಯಾರು ಹೇಳಿದ್ದು? ನಿಧಾನಕ್ಕೆ ತಿಳಿಯಿತು. ಅದು ಕರೆಂಟಿನ ಮಾತೇ ಅಲ್ಲ. ಕಂಪ್ಯೂಟರು ಕೀಬೋರ್ಡನ್ನು ಕ್ಷಣಕ್ಷಣಕ್ಕೂ ಕೂಗಿ ಕೇಳುತ್ತಿರುತ್ತದಂತೆ, ಏನಾದರೂ ಇದೆಯಾ ಅಂತ. ಕೇಳಿ, ಕಣ್ಣು ಮಿಟುಕಿಸುವುದರಲ್ಲಿ ಲಕ್ಷದಲ್ಲೊಂದು ಪಾಲು ಹೊತ್ತು ಕಾಯುತ್ತದೆ. ಅಷ್ಟರೊಳಗೆ ಉತ್ತರ ಬಂದರೆ ಸರಿ. ವೈರು ಉದ್ದವಾದಷ್ಟೂ ಉತ್ತರ ತಡ, ಜೊತೆಗೆ ದಾರಿಯಲ್ಲಿ ಸೊರಗಿಯೂ ಹೋಗುತ್ತದೆ. ತಡವಾಗಿ ಬಂದ ಉತ್ತರವನ್ನು ಅದು ಕೇಳಿಸಿಕೊಳ್ಳುವುದೇ ಇಲ್ಲ, ಆ ಕಡೆ ಯಾರೂ ಇಲ್ಲ ಅಂತ ತೀರ್ಮಾನ ಮಾಡಿಬಿಡುತ್ತದೆ. ಥೂ ನಿನ್ನ! ಅನ್ನಿಸಿತು ನನಗೆ. ಈ ಬುದ್ಧಿಯವರನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಿಧಾನಕ್ಕೆ ಬಂದವರು ಇವರ ಲೆಕ್ಕದಲ್ಲಿ ಬಂದೇ ಇಲ್ಲ.

ಹಾಗೆ ಓದುತ್ತಾ ಇರುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ನೆಟ್ ವೈರು, ಅದೇ ಆ ನೀಲಿ ವೈರು, ನೂರು ಮೀಟರು ಹೋಗುತ್ತದೆ. ನೂರು! ಯುಎಸ್‌ಬಿ ಎದುರಿಗೆ ಕೂತವರ ಜೊತೆ ಮಾತಾಡುವುದಕ್ಕೆ ಮಾಡಿದ್ದು, ಇದು ದೂರಕ್ಕೇ ಅಂತ ಮಾಡಿದ್ದು. ಅಂದರೆ ಕೀಬೋರ್ಡನ್ನು ಕೆಳಗೆ ಎಳೆಯುವ ಕೆಲಸವೇ ತಪ್ಪು. ಇಡೀ ಕಂಪ್ಯೂಟರು ಕೆಳಗೆ ಬರಬೇಕು, ನೆಟ್ ವೈರೊಂದು ಮೇಲೆ ಹೋಗಬೇಕು. ನಾನು ಮೊದಲ ದಿನ ಕೇಳಿದ್ದು ಇದನ್ನೇ ಅಲ್ಲವೇನ್ರೀ?

ಸ್ಕೂಟರ್ ತೆಗೆದುಕೊಂಡು ನೇರ ಉರಿಗಾಂಗೆ ಹೋದೆ. ಯಜಮಾನರು ಕೆಳಗೆ ಬಂದು ಹಳೇ ಹಾಡನ್ನೇ ಶುರು ಮಾಡಿದರು, ಬೋರ್ಡಿನ ನಿಯಮ, ಪೆಟ್ಟಿಗೆ ಕದಲಿಸೋ ಹಾಗಿಲ್ಲ. "ಎಲ್ಲಿ, ಆ ನಿಯಮದ ಹಾಳೆ ತೋರಿಸಿ" ಅಂದೆ. ಮೇಲಿನ ಗೋಡೆಗೆ ಅಂಟಿಸಿದೀವಿ ಅಂದರು. "ಫೋಟೋ ತೆಗೆದು ತನ್ನಿ, ನಾನು ಇಲ್ಲೇ ಇರ್ತೀನಿ, ಎಲ್ಲಿಗೂ ಓಡಿಹೋಗಲ್ಲ."

ತಂದರು. ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ, ಅಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ. ಕಂಪ್ಯೂಟರುಗಳು ಮುಖ್ಯ ಕಂಪ್ಯೂಟರಿಗೆ ವೈರಿನಿಂದ ಸೇರಿರಬೇಕು ಅಂತಿತ್ತು. ಮೇಲ್ವಿಚಾರಕರ ಕಣ್ಣೆದುರು ಇರಬೇಕು ಅಂತಿತ್ತು. ಪರೀಕ್ಷೆ ಶುರುವಾದ ಮೇಲೆ ಕದಲಿಸಬಾರದು ಅಂತಿತ್ತು. ಯಾವ ಮಹಡಿ ಅಂತ ಎಲ್ಲೂ ಇರಲಿಲ್ಲ.

"ಸಾರ್, ಮಹಡಿ ಮೇಲೇ ಕೂರಬೇಕು ಅನ್ನೋದು ಯಾವ ಸಾಲಲ್ಲಿದೆ? ಬೆರಳಿಟ್ಟು ತೋರಿಸಿ."

ಅವರು ಫೋಟೋದ ಮೇಲೆ ಸಾಲು ಸಾಲಿಗೂ ಬೆರಳಾಡಿಸಿ ನೋಡಿದರು. "ಸರಿನಮ್ಮ. ಆದ್ರೆ ಪರೀಕ್ಷೆ ದಿನ ವೈರು ಕೈಕೊಟ್ರೆ ನನ್ನ ಕೇಂದ್ರದ ಮಾನ ಹೋಗುತ್ತೆ. ಆಗ ಮಾತಾಡದೆ ಎತ್ತಿಸ್ಕೊಂಡು ಮೇಲೆ ಬರ್ಬೇಕು. ಒಪ್ಪಿಗೇನಾ?"

"ಇಲ್ಲ" ಅಂದೆ. "ಕೈಕೊಟ್ರೆ ಮನೆಗೆ ಹೋಗ್ತೀನಿ. ಇನ್ನಾರು ತಿಂಗಳು ಬಿಟ್ಟು ಬರ್ತೀನಿ. ಎತ್ತಿಸ್ಕೊಳ್ಳಲ್ಲ."

"ಏನು ಹಟವಮ್ಮ ನಿಂದು" ಅಂತ ಗೊಣಗಿಕೊಂಡು ಒಪ್ಪಿದರು.

ಮಾವ ಮತ್ತೆ ಬಂದ. ಮುಖ ಊದಿಸಿಕೊಂಡೇ ಬಂದ, ಆದರೆ ಬಂದ. ಇಪ್ಪತ್ತು ಮೀಟರಿನ ನೀಲಿ ವೈರು, ತುದಿಗೆ ಹಾಕುವ ಪ್ಲಾಸ್ಟಿಕ್ ಪಿನ್ನು, ಅದನ್ನು ಕಚ್ಚಿಸುವ ಕಟ್ಟರು ತಂದೆವು. ಒಳಗೆ ಎಂಟು ಎಳೆ, ಎಂಟು ಬಣ್ಣ. ಬಣ್ಣದ ಸಾಲು ತಪ್ಪಬಾರದು, ಎರಡೆರಡು ಎಳೆಯನ್ನು ಜಡೆಯ ಹಾಗೆ ಹೆಣೆದಿರುತ್ತಾರೆ, ಆ ಹೆಣಿಗೆಯನ್ನು ತುದಿಯಲ್ಲಿ ಬೆರಳಗಲಕ್ಕಿಂತ ಜಾಸ್ತಿ ಬಿಚ್ಚಬಾರದು. ಲೈನ್ ಮನೆಯ ಅಂಗಳದಲ್ಲಿ ಕೂತು ನಾನು ಕಲಿತೆ, ಅವನಿಗೂ ಕಲಿಸಿದೆ. ಹತ್ತು ಪಿನ್ನು ಹಾಳಾದವು. ಹನ್ನೊಂದನೆಯದು ಸರಿಯಾಯಿತು. "ನಮ್ಮ ಕಾಲತ್ತುಲ ಮೂರೇ ಬಣ್ಣ" ಅಂತ ಅರ್ಧ ತಮಿಳಿನಲ್ಲಿ ಬೈದುಕೊಂಡು ಅವನು ಕನ್ನಡಕ ಒರೆಸಿಕೊಳ್ಳುತ್ತಿದ್ದ. ನಾನು ಒಂದೇ ಮಾತು ಹತ್ತು ಸಲ ಹೇಳಿದೆ, ಮಾವ, ನಡುವೆ ಜಾಯಿಂಟು ಬೇಡ, ಹೆಣಿಗೆ ಬಿಚ್ಚಿಹೋಗುತ್ತೆ. ಈ ತುದಿಯಿಂದ ಆ ತುದಿಗೆ ಒಂದೇ ವೈರು.

ಪರೀಕ್ಷೆಗೆ ಎರಡು ದಿನ ಮುಂಚೆ ಕಂಪ್ಯೂಟರನ್ನು ಕೆಳಗೆ ಇಟ್ಟು, ವೈರನ್ನು ಕಿಟಕಿಯಿಂದ ಹಾಗೇ ಇಳಿಬಿಟ್ಟು ನೋಡಿದೆವು. ಪಿನ್ನು ಸಿಕ್ಕಿಸುವ ತೂತಿನ ಪಕ್ಕದಲ್ಲಿ ಹಸಿರು ದೀಪ ಟಕ್ ಟಕ್ ಅಂತ ಹೊಡೆದುಕೊಂಡಿತು. ಮೇಲಿನಿಂದ ಕಳಿಸಿದ ಪಾಠ, ಅಂದರೆ ನೋಡಿಕೊಂಡು ಹೊಡೆಯಬೇಕಾದ ಬರಹ, ಕೆಳಗಿನ ಸ್ಕ್ರೀನಿಗೆ ಬಂತು. ಯಜಮಾನರು "ಪರವಾಗಿಲ್ವೇ!" ಅಂದರು. ನಾನು ಮನೆಗೆ ಬಂದು ಅವತ್ತು ಹೊಟ್ಟೆ ತುಂಬ ಉಂಡೆ.

ಪರೀಕ್ಷೆಯ ದಿನ ಒಂಬತ್ತು ಗಂಟೆಗೇ ಹೋದೆ. ಪರೀಕ್ಷೆ ಹತ್ತಕ್ಕೆ. ಕಟ್ಟಡದ ಗೋಡೆ ನೋಡಿ ನನಗೆ ಆಶ್ಚರ್ಯ. ನೇತಾಡುತ್ತಿದ್ದ ವೈರು ಈಗ ಕಿಟಕಿಯಿಂದ ಗೋಡೆಗುಂಟ, ಸಜ್ಜದ ಕೆಳಗೆ, ಮೂಲೆ ತಿರುಗಿ, ಅಷ್ಟಷ್ಟು ದೂರಕ್ಕೆ ಒಂದೊಂದು ಕ್ಲಿಪ್ಪು ಹೊಡೆಸಿಕೊಂಡು ಎಷ್ಟು ಅಂದವಾಗಿ ಬಂದಿತ್ತು ಅಂದರೆ! ಹಿಂದಿನ ಸಂಜೆ ಮಾವ ಒಬ್ಬನೇ ಕೂತು ಮಾಡಿದ್ದಾನೆ. ಅಷ್ಟು ಹೊತ್ತಿಗೆ ಮೇಲಿನ ಕೋಣೆಗೆ ಬೀಗ ಬಿದ್ದಿತ್ತು, ಹಾಗಾಗಿ ಸಿಕ್ಕಿಸಿ ನೋಡಿಲ್ಲ. "ನೇತಾಡೋ ವೈರು ನೋಡಕ್ಕಾಗಲ್ಲ ನಂಗೆ" ಅಂದ, ನನ್ನ ಕಣ್ಣು ತಪ್ಪಿಸಿ.

ಮೇಲೆ ಮುಖ್ಯ ಕಂಪ್ಯೂಟರು ಶುರುವಾಯಿತು. ನನ್ನ ಯಂತ್ರದಲ್ಲಿ ಹಸಿರು ದೀಪ ಹತ್ತಲಿಲ್ಲ.

ಪಿನ್ನು ತೆಗೆದು ಒತ್ತಿದೆ. ಇಲ್ಲ. ಮೇಲಿನ ತುದಿ ನೋಡಿ ಅಂದೆ, ಸರಿಯಾಗಿದೆ ಅಂದರು. ಒಂಬತ್ತೂಕಾಲಾಯಿತು. ಯಜಮಾನರು ಇಳಿದು ಬಂದರು, ಹಿಂದೆ ನಾಲ್ಕು ಹುಡುಗರು, ತೋಳು ಮಡಿಸಿಕೊಂಡು. "ನಾನು ಅವತ್ತೇ ಹೇಳಿದೆ. ಬನ್ರೋ, ಎತ್ತಿ. ಪಾಪ, ಪರೀಕ್ಷೆ ತಪ್ಪಿಹೋಗುತ್ತೆ."

ಒಬ್ಬನ ಕೈ ನನ್ನ ಭುಜಕ್ಕೆ ಬಂತು. "ಮುಟ್ಟಿದ್ರೆ ನೋಡು!" ಅಂದೆ. ಕೋಲನ್ನು ಅಡ್ಡ ಹಿಡಿದೆ. ನನ್ನ ಗಂಟಲು ಅಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. ಹುಡುಗ ಹಿಂದೆ ಸರಿದ. "ಒಳ್ಳೇದು ಮಾಡೋಕೆ ಬಂದ್ರೆ ಹಿಂಗಾ?" ಅಂತ ಯಜಮಾನರು. "ನೀವು ಮಾಡೋ ಒಳ್ಳೇದು ನಂಗೆ ಬೇಕಾ ಅಂತ ಒಂದು ಸಲನಾದ್ರೂ ಕೇಳಿದೀರಾ?" ಅಂತ ನಾನು.

ಆಗ ಮಾವ ಬಾಯಿ ಬಿಟ್ಟ. "ಅಮ್ಮಣ್ಣಿ... ಒಂದು ಜಾಯಿಂಟು ಆಕಿವ್ನಿ."

ಗಣಿಯಲ್ಲಿ ವೈರನ್ನು ಬಿಗಿಯಾಗಿ ಎಳೆಯಬಾರದಂತೆ. ಬಂಡೆ ಕದಲಿದರೆ ಹರಿದುಹೋಗುತ್ತದೆ, ಅದಕ್ಕೆ ತಿರುವು ತಿರುವಿಗೂ ಒಂದು ಸುತ್ತು ಸಡಿಲ ಬಿಟ್ಟು ಕಟ್ಟಬೇಕಂತೆ. ಉರಿಗಾಂನ ಗೋಡೆಯ ಮೇಲೂ ಈ ಮನುಷ್ಯ ತಿರುವಿಗೊಂದು ಸುತ್ತು ಸಡಿಲ ಬಿಟ್ಟಿದ್ದಾನೆ. ಇಪ್ಪತ್ತು ಮೀಟರು ಅಲ್ಲಲ್ಲೇ ಮುಗಿದು, ಕೆಳಗೆ ಬರುವಷ್ಟರಲ್ಲಿ ಮೋಟಾಗಿದೆ. ಮೋಟಾದ ತುದಿಯ ಪಿನ್ನು ಕತ್ತರಿಸಿ, ಎರಡು ಮಾರು ತುಂಡು ತಂದು, ಎಂಟು ಎಳೆಗೂ ಎಂಟು ಗಂಟು ಹಾಕಿ, ಮೂರು ಸುತ್ತು ಟೇಪು ಸುತ್ತಿ, ಸಜ್ಜದ ಕೆಳಗೆ ಬಚ್ಚಿಟ್ಟಿದ್ದಾನೆ. "ನನ್ ಜಾಯಿಂಟು ಯಾವತ್ತೂ ಕೈಕೊಟ್ಟಿಲ್ಲ ಅಂತ..." ಅಂದ.

"ಹತ್ತು ಸಲ ಹೇಳಿದ್ನಲ್ಲೋ ಮಾವ!" ಅಂತ ಕೂಗಿದೆ. ಅವನಿಗೆ ನಾನು "ಲೋ" ಅಂದಿದ್ದು ಅದೇ ಮೊದಲು, ಅದೇ ಕೊನೆ. ಅಳುವುದಕ್ಕೆ ಹೊತ್ತಿರಲಿಲ್ಲ.

"ಕಿತ್ತು ಹಾಕು. ಕ್ಲಿಪ್ಪೆಲ್ಲ ಕಿತ್ತು ಹಾಕು. ಜಾಯಿಂಟಿನ ಮೇಲಕ್ಕೆ ಕತ್ತರಿಸಿ, ಕಿಟಕಿಯಿಂದ ನೆಟ್ಟಗೆ ಇಳಿಬಿಡು."

ಗೋಡೆಯಿಂದ ಕ್ಲಿಪ್ಪುಗಳು ಪಟಪಟ ಉದುರಿದವು. ಇಡೀ ಸಂಜೆಯ ಕೆಲಸವನ್ನು ಅವನೇ ಎರಡು ನಿಮಿಷದಲ್ಲಿ ಕಿತ್ತ. ಸುತ್ತುಗಳೆಲ್ಲ ಬಿಚ್ಚಿಕೊಂಡಾಗ ವೈರು ಬೇಕಾದಷ್ಟಿತ್ತು, ಮೇಜಿನ ಮೇಲೆ ಬಂದು ಬಿದ್ದು ಇನ್ನೂ ಒಂದು ಮಾರು ಉಳಿಯಿತು. ಮಾವನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ನಂಗೆ ಬಣ್ಣ ಕಾಣಿಸ್ತಿಲ್ಲ ಕಣಮ್ಮ" ಅಂದ. ಕಟ್ಟರು ನಾನು ತೆಗೆದುಕೊಂಡೆ. ತೊಗಲು ಸುಲಿದೆ, ಎಂಟು ಎಳೆ ಬಿಡಿಸಿದೆ, ಬಣ್ಣ ನೋಡಿ ಸಾಲಾಗಿ ಜೋಡಿಸಿದೆ, ಸಮವಾಗಿ ಕತ್ತರಿಸಿದೆ, ಪಿನ್ನಿಗೆ ತೂರಿಸಿ ಕಚ್ಚಿಸಿದೆ. ಮೊದಲನೆಯದರಲ್ಲಿ ಒಂದು ಎಳೆ ಹಿಂದೆ ಉಳಿಯಿತು. ಕತ್ತರಿಸಿ ಬಿಸಾಕಿದೆ. ಯಜಮಾನರು ಗಡಿಯಾರ ನೋಡುತ್ತಿದ್ದರು. ಎರಡನೆಯದನ್ನು ಕಚ್ಚಿಸಿ, ತೂತಿಗೆ ಒತ್ತಿದೆ.

ಟಕ್ ಟಕ್ ಅಂತ ಹಸಿರು.

ಹುಡುಗರಲ್ಲೊಬ್ಬ ಶಿಳ್ಳೆ ಹಾಕಿದ. ಒಂಬತ್ತೂ ಐವತ್ತು. ವೈರು ಕಿಟಕಿಯಿಂದ ಮೇಜಿಗೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಗಾಳಿಯಲ್ಲಿ ತೂಗುತ್ತಿತ್ತು, ಅಂದ ಇಲ್ಲ ಚಂದ ಇಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಬೋರ್ಡಿನಿಂದ ಬಂದಿದ್ದ ಮೇಡಮ್ಮು ಮೇಲೆ ಇಪ್ಪತ್ತು ಜನರನ್ನು ಕೂರಿಸಿ, ತಮ್ಮ ಸಹಾಯಕಿಯನ್ನು ನನ್ನ ಹತ್ತಿರ ಕಳಿಸಿದರು. ಹತ್ತಕ್ಕೆ ಪಾಠ ಬಂತು. ಹೊಡೆದೆ. ಬೆರಳು ತಾವೇ ಓಡಿದವು. ಫಲಿತಾಂಶ ಆಮೇಲೆ ಬಂತು, ಒಳ್ಳೆಯದೇ ಬಂತು, ಇವತ್ತು ಡೇರಿಯ ಕಂಪ್ಯೂಟರಿನ ಮುಂದೆ ಕೂತಿರುವವಳು ನಾನೇ. ಆದರೆ ನಾನು ಹೇಳಬೇಕೆಂದು ಹೊರಟಿದ್ದು ಅದಲ್ಲ.

ಪರೀಕ್ಷೆ ಮುಗಿದ ಮೇಲೆ ಮೇಡಮ್ಮು ಕೆಳಗೆ ಬಂದು ಒಂದು ಫಾರಂ ಕೊಟ್ಟರು. ನಮ್ಮಂಥವರಿಗೆ ಪ್ರತ್ಯೇಕ ಫಾರಂ ಇರುತ್ತದೆ. ಹೆಸರು, ನಂಬರು, ಎಲ್ಲಾ ತುಂಬಿದೆ. ಕೊನೆಗೆ ಒಂದು ಕಾಲಂ, ಅಭ್ಯರ್ಥಿಯನ್ನು ಪರೀಕ್ಷಾ ಸ್ಥಳಕ್ಕೆ ಕರೆತಂದವರು. ಅದರ ಕೆಳಗೆ ಅವರ ಸಹಿ. ನಾನು "ನಾನೇ ಬಂದೆ" ಅಂತ ಬರೆದು, ಸಹಿಯ ಜಾಗ ಖಾಲಿ ಬಿಟ್ಟೆ.

ಮೇಡಮ್ಮು ಕೆಟ್ಟವರೇನಲ್ಲ. "ಖಾಲಿ ಬಿಟ್ರೆ ಆಫೀಸಿನಲ್ಲಿ ತಿರುಗಿಸಿ ಕಳಿಸ್ತಾರಮ್ಮ. ಇವರು ನಿಮ್ಮೋರೇ ತಾನೆ? ಇವರ ಹೆಸ್ರೇ ಬರೆದುಬಿಡಿ, ಏನೀಗ?" ಅಂತ ಬಾಗಿಲಲ್ಲಿ ನಿಂತಿದ್ದ ಮಾವನ ಕಡೆ ತೋರಿಸಿದರು.

ನಾನು ಮಾವನ ಕಡೆ ನೋಡಿದೆ. ನನಗೆ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಆ ಜಾಗದಲ್ಲಿ ತನ್ನ ಹೆಸರು ಬರೆಸಿಕೊಳ್ಳಲು ಇಡೀ ಪ್ರಪಂಚದಲ್ಲಿ ಯಾರಿಗಾದರೂ ಹಕ್ಕಿದ್ದರೆ ಅವನಿಗೇ ಇತ್ತು. ಅವನು ಬರಿ ಅಂದಿದ್ದರೆ ನಾನು ಬೇಡ ಅನ್ನುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.

ಮಾವ ಒಳಗೆ ಬಂದ. ಪ್ಯಾಂಟಿಗೆ ಕೈ ಒರೆಸಿಕೊಂಡ. ಫಾರಮನ್ನು ಕಣ್ಣಿಗೆ ಹತ್ತಿರ ಹಿಡಿದು ನಾನು ಬರೆದಿದ್ದನ್ನು ನಿಧಾನಕ್ಕೆ ಓದಿದ.

"ಸರಿಯಾಗೈತಲ್ಲ ಮೇಡಂ" ಅಂದ. "ಅವಳೇ ಬಂದ್ಳು. ನಾನು ಕಣ್ಣಾರೆ ನೋಡಿವ್ನಿ. ಸಾಕ್ಷಿ ಬೇಕಾ? ಪೆನ್ ಕೊಡಿ, ಆಕ್ತೀನಿ."

ಮೇಡಮ್ಮು ಪೆನ್ನು ಕೊಟ್ಟರು. ಅವನು ಮೇಜಿನ ಮೇಲೆ ಬಗ್ಗಿ, "ಕರೆತಂದವರು" ಅನ್ನುವ ಪದವನ್ನು ಹೊಡೆದು ಹಾಕಿ, ಅದರ ಮೇಲೆ "ನೋಡಿದವರು" ಅಂತ ಬರೆದು, ಕೆಳಗೆ ತನ್ನ ಹೆಸರು ಪೂರ್ತಿ ಬರೆದ.